ಸಿಪ್ಪೆಯ ಲೆಕ್ಕ: ಗೇರುಬೀಜದ ಕಸಕ್ಕೆ ಬೆಲೆ ಬಂದ ಕಥೆ

ಇವತ್ತಿನ ಕಥೆ ಶುರುವಾಗುವುದು ನಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ.

ಎರಡು ವರ್ಷದ ಹಿಂದೆ ದೊಡ್ಡಮ್ಮನನ್ನು ಸ್ಕೂಟರಲ್ಲಿ ಕೂರಿಸಿಕೊಂಡು ರೇಷನ್ ತರಲಿಕ್ಕೆ ಹೋಗಿದ್ದೆ. ಅಂಗಡಿಯವರು ಹೆಬ್ಬೆಟ್ಟು ಇಡಿ ಅಂದರು. ದೊಡ್ಡಮ್ಮ ಇಟ್ಟರು. ಮೆಷಿನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟರು, ಒಪ್ಪಲಿಲ್ಲ. ಬೇರೆ ಬೆರಳು, ಆ ಕೈ, ಈ ಕೈ, ಎಲ್ಲ ಆಯಿತು. ಹಿಂದೆ ಸಾಲಲ್ಲಿ ನಿಂತಿದ್ದ ಹೆಂಗಸೊಬ್ಬರು "ಇವರು ಬೀಜದ ಫ್ಯಾಕ್ಟರಿಯವರಲ್ವಾ? ಅವರದ್ದು ಬರುವುದಿಲ್ಲ, ಒಟಿಪಿ ಮಾಡಿ" ಅಂದುಬಿಟ್ಟರು. ಎಷ್ಟು ಸಹಜವಾಗಿ ಹೇಳಿದರು ಅಂದರೆ, ಇದು ಊರಿಗೆಲ್ಲ ಗೊತ್ತಿರುವ ವಿಷಯ, ನನಗೊಬ್ಬನಿಗೆ ಮಾತ್ರ ಹೊಸದು.

ದೊಡ್ಡಮ್ಮ ಕಾರ್ಕಳದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಬೆರಳ ತುದಿಯ ಗೆರೆಗಳು ಸವೆದು ಹೋಗಿವೆ. ಸವೆಸಿದ್ದು ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ. ಈ ಎಣ್ಣೆಯ ಹಿಂದೆ ಬಿದ್ದು ನಾನು ಸುಮಾರು ಎಂಟು ತಿಂಗಳು ಓದಿದೆ. ಅದರ ಫಲ ಈ ಸಂಚಿಕೆ.

ನನಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಮೊದಲೇ ಹೇಳಿಬಿಡ್ತೇನೆ. ನಾನು ಬಿ.ಕಾಂ. ನನಗೆ ಗೊತ್ತಿರುವುದು ಲೆಕ್ಕ, ಅದೂ ಪಾಸಾಗುವಷ್ಟು. ಐದನೇ ಸೆಮಿಸ್ಟರಿನಲ್ಲಿ ಕಾಸ್ಟ್ ಅಕೌಂಟಿಂಗ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಪ್ರೋಸೆಸ್ ಕಾಸ್ಟಿಂಗ್ ಅಂತ ಒಂದು ಅಧ್ಯಾಯ. ಅಲ್ಲಿ ಹಾಳಾಗುವ ವಸ್ತುವಿಗೆ ಬೇರೆ ಬೇರೆ ಹೆಸರುಗಳಿವೆ. ಯಾವ ಕಾರ್ಖಾನೆಯಾದರೂ ತಪ್ಪಿಸಲಾಗದೆ ಹಾಳಾಗುವುದು 'ನಾರ್ಮಲ್ ಲಾಸ್'. ಅಜಾಗರೂಕತೆಯಿಂದ ಆದರೆ 'ಅಬ್ನಾರ್ಮಲ್ ಲಾಸ್'. ಹಾಳಾದದ್ದನ್ನು ಗುಜರಿಯವರು ಕೊಂಡರೆ 'ಸ್ಕ್ರ್ಯಾಪ್'. ಅದಕ್ಕೇ ಒಂದು ಮಾರುಕಟ್ಟೆ ಹುಟ್ಟಿದರೆ 'ಬೈ-ಪ್ರಾಡಕ್ಟ್'. ಮುಖ್ಯ ಸರಕಿನಷ್ಟೇ ಬೆಲೆ ಬಾಳಿದರೆ 'ಜಾಯಿಂಟ್ ಪ್ರಾಡಕ್ಟ್'. ವಸ್ತು ಬದಲಾಗಬೇಕೆಂದಿಲ್ಲ, ಕೊಳ್ಳುವವ ಸಿಕ್ಕಿದರೆ ಸಾಕು, ಪುಸ್ತಕದಲ್ಲಿ ಕಾಲಂ ಬದಲಾಗ್ತದೆ. ಗೇರುಬೀಜದ ನೂರು ವರ್ಷದ ಇತಿಹಾಸ ಅಂದರೆ ಒಂದೇ ಬೀಜದ ಬೇರೆ ಬೇರೆ ಭಾಗಗಳು ಒಂದೊಂದಾಗಿ ಕಾಲಂ ಬದಲಾಯಿಸಿದ ಕಥೆ.

ಮೊದಲು ಒಂದು ಮೂಟೆಯ ಲೆಕ್ಕ ಹಾಕೋಣ. ಕಚ್ಚಾ ಗೇರುಬೀಜದ ವ್ಯಾಪಾರದಲ್ಲಿ ಅಳತೆ 80 ಕಿಲೋ ಮೂಟೆ. ಮೂಟೆ ಕೊಳ್ಳುವ ಮೊದಲು ಸ್ಯಾಂಪಲ್ ತೆಗೆದು, ಬೀಜ ಕತ್ತರಿಸಿ, ತಿರುಳು ಎಷ್ಟು ಬರ್ತದೆ ಅಂತ ನೋಡ್ತಾರೆ. ಅದಕ್ಕೆ 'ಕಟ್ಟಿಂಗ್ ಟೆಸ್ಟ್' ಅಂತಾರೆ, ಬಂದ ಸಂಖ್ಯೆಗೆ 'ಔಟ್‌ಟರ್ನ್'. ತಮಾಷೆ ಏನೆಂದರೆ, ಮೂಟೆ ಕಿಲೋದಲ್ಲಿ, ಔಟ್‌ಟರ್ನ್ ಪೌಂಡಿನಲ್ಲಿ. ಬ್ರಿಟಿಷರು ಹೋದರೂ ಅವರ ಪೌಂಡು ಇನ್ನೂ ಈ ಧಂದೆಯಲ್ಲಿ ಕುಳಿತಿದೆ. 48 ಪೌಂಡ್ ಬಂದರೆ ಒಳ್ಳೆಯ ಬೀಜ. ಅಂದರೆ 80 ಕಿಲೋದಲ್ಲಿ ಹತ್ತಿರ ಹತ್ತಿರ 22 ಕಿಲೋ ತಿರುಳು. ಉಳಿದ 58 ಕಿಲೋದಲ್ಲಿ ಬಹುಪಾಲು ಹೊರಸಿಪ್ಪೆ, ಸ್ವಲ್ಪ ತಿರುಳಿನ ಮೇಲಿನ ಕೆಂಪು ಪೊರೆ, ಸ್ವಲ್ಪ ನೀರಿನಂಶ. ಮುಕ್ಕಾಲು ಪಾಲು 'ಅಲ್ಲದ್ದು'. ಇದು ಫ್ಯಾಕ್ಟರಿ ಗೇಟಿನ ಒಳಗಿನ ಲೆಕ್ಕ ಮಾತ್ರ. ಗೇಟಿನ ಹೊರಗೆ, ತೋಟದಲ್ಲಿ, ಬೀಜದ ಮೇಲೆ ಕುಳಿತಿದ್ದ ಹಣ್ಣು ಇದೆಯಲ್ಲ, ಅದರ ಲೆಕ್ಕಕ್ಕೆ ಆಮೇಲೆ ಬರ್ತೇನೆ.

ಮರ ನಮ್ಮದಲ್ಲ ಎನ್ನುವುದು ನಿಮಗೆ ಗೊತ್ತಿರಬಹುದು. ಬ್ರೆಜಿಲ್‌ನ ಈಶಾನ್ಯ ಕರಾವಳಿಯ ಮರ. ಅಲ್ಲಿಯ ಟುಪಿ ಜನ ಅಕಾಜು ಅನ್ನುತ್ತಿದ್ದರು, ಪೋರ್ಚುಗೀಸರು ಕಾಜು ಮಾಡಿಕೊಂಡರು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. 1578ರಲ್ಲಿ ಕ್ರಿಸ್ಟೋಬಲ್ ಅಕೋಸ್ಟಾ ಎಂಬ ವೈದ್ಯ ಪೂರ್ವದೇಶದ ಔಷಧಿ ಗಿಡಗಳ ಬಗ್ಗೆ ಪುಸ್ತಕ ಬರೆದಾಗ ಅದರಲ್ಲಿ ಈ ಮರ ಇತ್ತು. ಡಚ್ಚರು ಕೊಚ್ಚಿಯಲ್ಲಿ ಕುಳಿತು ಮಾಡಿಸಿದ ಹೋರ್ಟಸ್ ಮಲಬಾರಿಕಸ್‌ನ ಮೂರನೇ ಸಂಪುಟದಲ್ಲಿ, 1682ರಲ್ಲಿ, 'ಕಪಾ ಮಾವ' ಅಂತ ಚಿತ್ರ ಸಮೇತ ಇದೆ.

ಕನ್ನಡದಲ್ಲಿ ಮಾತ್ರ ಇದಕ್ಕೆ ಹೊರಗಿನ ಹೆಸರು ಅಂಟಲಿಲ್ಲ. ಗೇರು ಅಂದೆವು. ಗೇರು ಎಂಬ ಹೆಸರು ನಮ್ಮಲ್ಲಿ ಮೊದಲೇ ಇತ್ತು, ಬೇರೆ ಮರಕ್ಕೆ. ಕಾಡುಗೇರು, ಕರಿಗೇರು ಅನ್ನುತ್ತಾರಲ್ಲ, ಸಂಸ್ಕೃತದ ಭಲ್ಲಾತಕ. ಅದರ ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗದ ಕಪ್ಪು ಗುರುತು. ಆ ರಸ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಹೊಸ ಮರದ ಬೀಜ ಸುಲಿದಾಗಲೂ ಕೈಯಲ್ಲಿ ಅದೇ ಬೊಕ್ಕೆ, ಅದೇ ಕಪ್ಪು. ಎರಡೂ ಒಂದೇ ಕುಟುಂಬದ ಮರಗಳು, ಮಾವು ಕೂಡ ಅದೇ ಕುಟುಂಬ. 1753ರಲ್ಲಿ ಲಿನೇಯಸ್ ಇದಕ್ಕೆ ಅನಾಕಾರ್ಡಿಯಂ ಅಂತ ಹೆಸರಿಟ್ಟಾಗ, ಆ ಪದ ಕೂಡ ಮೊದಲು ಕರಿಗೇರಿಗೆ ಇದ್ದದ್ದು. ಸ್ವೀಡನ್ನಿನ ಪಂಡಿತ ಮತ್ತು ನಮ್ಮ ಕರಾವಳಿಯ ಜನ ಒಂದೇ ದಾರಿಯಲ್ಲಿ ಹೆಸರಿಟ್ಟಿದ್ದಾರೆ ಅನ್ನುವುದು ನನಗೆ ಖುಷಿ ಕೊಟ್ಟ ವಿಷಯ. ಹೆಸರಿನಲ್ಲೇ ಎಚ್ಚರಿಕೆ ಇದೆ, ನೋಡಿ.

ಮುಂದಿನ ಮುನ್ನೂರೈವತ್ತು ವರ್ಷ ಗೇರು ಮನೆಬಳಕೆಯ ವಸ್ತು. ಬೀಜವನ್ನು ಕೆಂಡದಲ್ಲಿ ಸುಟ್ಟು, ಕಲ್ಲಿನಲ್ಲಿ ಜಜ್ಜಿ ತಿನ್ನುವುದು. ಎಳೆಯ ಬೀಜ ಸುಲಿದು ಕೊಂಕಣಿಗರು ತೊಂಡೆಕಾಯಿ ಜೊತೆ ಉಪ್ಕರಿ ಮಾಡ್ತಾರೆ. ಮೊಗವೀರರು ಸಿಪ್ಪೆಯ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮನೆಯ ತೊಲೆಗೆ ಗೆದ್ದಲು ಬಾರದಂತೆ ಹಚ್ಚುವುದೂ ಇತ್ತು. ಅಂದರೆ ಮಂಗಳೂರಿನ ಮೀನುಗಾರರಿಗೆ ಈ ಎಣ್ಣೆಯ ಗುಣ ಗೊತ್ತಿತ್ತು. ನೀರು ಹಿಡಿಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಪೇಟೆಂಟ್ ಒಂದು ಇರಲಿಲ್ಲ ಅಷ್ಟೇ.

ಧಂದೆ ಶುರುವಾದದ್ದು 1920ರ ದಶಕದಲ್ಲಿ, ಅಮೆರಿಕಕ್ಕೆ. ಕೇರಳದ ಕೊಲ್ಲಂ ಒಂದು ಕೇಂದ್ರ, ನಮ್ಮ ಮಂಗಳೂರು ಇನ್ನೊಂದು. ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆ ಮಾಡುತ್ತಿದ್ದ ಪಿಯರ್ಸ್ ಲೆಸ್ಲಿಯಂಥ ಬ್ರಿಟಿಷ್ ಕಂಪನಿಗಳು ಗೋಡಂಬಿಗೂ ಕೈ ಹಾಕಿದವು. ಮೊದಲ ಸಮಸ್ಯೆ ಹುಳ. ಮರದ ಪೆಟ್ಟಿಗೆಯಲ್ಲಿ ತುಂಬಿಸಿದ ತಿರುಳು ತಿಂಗಳುಗಟ್ಟಲೆ ಸಮುದ್ರದಲ್ಲಿ ಹೋಗಿ ನ್ಯೂಯಾರ್ಕ್ ತಲುಪುವಾಗ ಅರ್ಧ ಹುಳದ ಪಾಲು. ಇದಕ್ಕೆ ಸಿಕ್ಕ ಪರಿಹಾರ ಬಹಳ ಸರಳ. ಸೀಮೆಎಣ್ಣೆ ಡಬ್ಬಿಯ ಆಕಾರದ ತಗಡಿನ ಡಬ್ಬಿ, ಅದರೊಳಗಿನ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬುವುದು, ಬೆಸುಗೆ ಹಾಕಿ ಮುಚ್ಚುವುದು. ಉಸಿರಾಡಲಿಕ್ಕೆ ಗಾಳಿ ಇಲ್ಲದೆ ಹುಳ ಸಾಯುತ್ತದೆ. ಒಂದು ಡಬ್ಬಿಗೆ 25 ಪೌಂಡ್, ಅಂದರೆ 11.34 ಕಿಲೋ. ಇವತ್ತಿಗೂ ಗೋಡಂಬಿ ರಫ್ತಿನಲ್ಲಿ 11.34 ಕಿಲೋದ ಪ್ಯಾಕ್ ಅಂತ ವಿಚಿತ್ರ ಸಂಖ್ಯೆ ಕಾಣುತ್ತದೆ. ಅದು ಬಂದದ್ದು ಆ ಡಬ್ಬಿಯಿಂದ.

ಈ ಡಬ್ಬಿ ಇಲ್ಲದಿದ್ದರೆ ಧಂದೆಯೇ ಇರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ನಾನು ಹೇಳಬೇಕೆಂದಿರುವುದು ಸಿಪ್ಪೆಯ ಕಥೆ.

ಆಗ ಬೀಜ ಹುರಿಯುತ್ತಿದ್ದದ್ದು ತೆರೆದ ಬಾಣಲೆಯಲ್ಲಿ. ಕೆಳಗೆ ಬೆಂಕಿ, ಮೇಲೆ ಬೀಜ. ಬಿಸಿಯಾದ ಕೂಡಲೇ ಸಿಪ್ಪೆ ಒಡೆದು ಎಣ್ಣೆ ಚಿಮ್ಮಿ ಹೊತ್ತಿಕೊಳ್ಳುತ್ತದೆ. ದಟ್ಟ ಕಪ್ಪು ಹೊಗೆ. ನೀರು ಎರಚಿ ಆರಿಸುವುದು. ಎಣ್ಣೆ ಪೂರ್ತಿ ಹೋಯಿತು, ಜೊತೆಗೆ ಒಂದಷ್ಟು ತಿರುಳೂ ಸುಟ್ಟುಹೋಯಿತು. ನಮ್ಮ ಪುಸ್ತಕದ ಭಾಷೆಯಲ್ಲಿ ಎಲ್ಲ ನಾರ್ಮಲ್ ಲಾಸ್. ಮುಂದೆ ಸುತ್ತುವ ಡ್ರಮ್ ಬಂತು. ಅದರಲ್ಲೂ ಎಣ್ಣೆ ಉರಿದುಹೋಗುವುದೇ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಮಾರ್ಟಿಮರ್ ಹಾರ್ವೆ ಎಂಬ ರಸಾಯನಶಾಸ್ತ್ರಜ್ಞ ಈ ಎಣ್ಣೆಯ ಹಿಂದೆ ಬಿದ್ದಿದ್ದ. 1920ರ ದಶಕದ ಕೊನೆಯಿಂದ ಒಂದರ ಮೇಲೊಂದು ಪೇಟೆಂಟ್ ಪಡೆದ. ನನಗೆ ಅರ್ಥವಾದಷ್ಟು ಹೇಳ್ತೇನೆ. ಈ ಎಣ್ಣೆ ಅಡುಗೆ ಎಣ್ಣೆಯ ಜಾತಿಯದಲ್ಲ. ಇದು ಫಿನಾಲ್, ಅಂದರೆ ಕಾರ್ಬಾಲಿಕ್ ಆಮ್ಲದ ನೆಂಟ, ಆದರೆ ಹಿಂದೆ ಒಂದು ಉದ್ದ ಬಾಲ ಇರುವಂಥದ್ದು. ಫಿನಾಲ್‌ನಿಂದ ಬೇಕಲೈಟ್ ಮಾಡ್ತಾರಲ್ಲ, ಹಳೆಯ ಕಪ್ಪು ಸ್ವಿಚ್ಚುಗಳದ್ದು, ಹಾಗೆಯೇ ಇದರಿಂದಲೂ ರಾಳ ಮಾಡಬಹುದು. ಆ ಬಾಲದಿಂದಾಗಿ ಈ ರಾಳಕ್ಕೆ ಸ್ವಲ್ಪ ಬಳುಕುವ ಗುಣ ಇರುತ್ತದೆ, ಬೇಕಲೈಟಿನ ಹಾಗೆ ಟಕ್ ಅಂತ ಒಡೆಯುವುದಿಲ್ಲ. ನೀರು, ಎಣ್ಣೆ ತಾಗುವುದಿಲ್ಲ. ನ್ಯೂಜೆರ್ಸಿಯ ಇರ್ವಿಂಗ್ಟನ್ ವಾರ್ನಿಷ್ ಕಂಪನಿ ಇದರಿಂದ ವಿದ್ಯುತ್ ತಂತಿಗೆ ಇನ್ಸುಲೇಶನ್ ವಾರ್ನಿಷ್ ಮಾಡಿತು. ಇನ್ನೂ ದೊಡ್ಡ ಉಪಯೋಗ ಬ್ರೇಕಿನಲ್ಲಿ. ರಾಳವನ್ನು ಗಟ್ಟಿ ಮಾಡಿ, ಪುಡಿ ಮಾಡಿ, ಬ್ರೇಕ್ ಲೈನಿಂಗಿನ ಮಿಶ್ರಣಕ್ಕೆ ಹಾಕುವುದು. ಆ ಪುಡಿಗೆ 'ಫ್ರಿಕ್ಷನ್ ಡಸ್ಟ್' ಅಂತ ಹೆಸರು. ಬ್ರೇಕ್ ಕಾದರೂ ಹಿಡಿತ ಬಿಡುವುದು ಕಡಿಮೆ, ಕಿರುಚುವುದೂ ಕಡಿಮೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಬ್ರೇಕಿನೊಳಗೆ ಗೇರುಬೀಜದ ಸಿಪ್ಪೆ ಇರುವ ಸಾಧ್ಯತೆ ಬಹಳ ಇದೆ, ಮಾರಾಯ್ರೆ.

ಅಮೆರಿಕದಲ್ಲಿ ಕೊಳ್ಳುವವ ಸಿಕ್ಕಿದ ಮೇಲೆ ಮಂಗಳೂರು-ಕೊಲ್ಲಂನಲ್ಲಿ ಎಣ್ಣೆ ಸುಡುವುದು ಹುಚ್ಚುತನ ಅನ್ನಿಸತೊಡಗಿತು. 1930ರ ದಶಕದಲ್ಲಿ 'ಆಯಿಲ್ ಬಾತ್' ಬಂತು. ಈ ಉಪಾಯ ಓದಿದಾಗ ನಾನು ಒಬ್ಬನೇ ಕೂತು ನಕ್ಕೆ, ಅಷ್ಟು ಚಂದ ಇದೆ. ಬೀಜವನ್ನು ಹುರಿಯುವುದು ಯಾವುದರಲ್ಲಿ? ಅದರದೇ ಸಿಪ್ಪೆಯ ಎಣ್ಣೆಯಲ್ಲಿ. ಒಂದು ದೊಡ್ಡ ತೊಟ್ಟಿ, ಅದರ ತುಂಬ ಗೇರೆಣ್ಣೆ, ಸುಮಾರು 190 ಡಿಗ್ರಿ ಬಿಸಿ. ಬೀಜವನ್ನು ಮೊದಲು ನೀರು ಚಿಮುಕಿಸಿ ತೇವ ಮಾಡಿ ಇಟ್ಟಿರ್ತಾರೆ. ಆಮೇಲೆ ತಂತಿಬುಟ್ಟಿಯ ಸರಪಳಿಯಲ್ಲಿ ಆ ತೊಟ್ಟಿಯೊಳಗೆ ಹಾಯಿಸ್ತಾರೆ, ಒಂದೆರಡು ನಿಮಿಷ ಅಷ್ಟೇ. ಸಿಪ್ಪೆಯೊಳಗಿನ ತೇವ ಆವಿಯಾಗಿ ಎಣ್ಣೆಯ ಕೋಶಗಳನ್ನು ಒಡೆಯುತ್ತದೆ, ಎಣ್ಣೆ ಹೊರಬಂದು ತೊಟ್ಟಿಯ ಎಣ್ಣೆಗೇ ಸೇರುತ್ತದೆ. ತೊಟ್ಟಿ ತುಂಬಿ ಹರಿಯುತ್ತದೆ. ಹರಿದದ್ದನ್ನು ಹಿಡಿದು ಡ್ರಮ್ಮಿಗೆ ತುಂಬುವುದು, ಹಡಗಿಗೆ ಹಾಕುವುದು. ಸಿಪ್ಪೆಯಲ್ಲಿರುವ ಎಣ್ಣೆಯ ಸುಮಾರು ಅರ್ಧ ಹೀಗೆ ಕೈಗೆ ಬಂತು. ಬೆಂಕಿ ನೇರ ತಾಗದ್ದರಿಂದ ತಿರುಳು ಕರಟುವುದೂ ಕಡಿಮೆಯಾಯಿತು. ಒಂದು ಕಲ್ಲಿಗೆ ಎರಡು ಹಣ್ಣು.

1940ರಲ್ಲಿ ಹಾರ್ವೆ ಮತ್ತು ಅವನ ಸಹೋದ್ಯೋಗಿ ಕ್ಯಾಪ್ಲನ್ ಅಮೆರಿಕದ ರಾಸಾಯನಿಕ ಉದ್ಯಮದ ಪತ್ರಿಕೆಯಲ್ಲಿ ಈ ಎಣ್ಣೆಯ ಬಗ್ಗೆಯೇ ಲೇಖನ ಬರೆದರು. ಎರಡನೇ ಮಹಾಯುದ್ಧ ಬಂದಾಗ ಅಮೆರಿಕ ಸರ್ಕಾರ ಇದನ್ನು ಯಾರು ಎಷ್ಟು ಬಳಸಬಹುದು ಅಂತ ನಿಯಂತ್ರಣ ಹಾಕಿತು. ಯುದ್ಧದ ವಾಹನಗಳ ಬ್ರೇಕಿಗೆ, ವಿಮಾನದ ವೈರಿಂಗಿಗೆ ಬೇಕು, ಬಣ್ಣಕ್ಕೆಲ್ಲ ಕೊಡಲಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಾಣಲೆಯಲ್ಲಿ ಹೊಗೆಯಾಗಿ ಹೋಗುತ್ತಿದ್ದ ವಸ್ತು ಈಗ ಯುದ್ಧಸಾಮಗ್ರಿ. ನಾರ್ಮಲ್ ಲಾಸ್ ಹೋಗಿ ಬೈ-ಪ್ರಾಡಕ್ಟ್ ಆಯಿತು.

ಇರ್ವಿಂಗ್ಟನ್ ಕಂಪನಿಯನ್ನು 1953ರಲ್ಲಿ 3ಎಂ ಕೊಂಡಿತು. ಆ ಗೇರೆಣ್ಣೆಯ ವಿಭಾಗ ಮುಂದೆ ಕಾರ್ಡೊಲೈಟ್ ಎಂಬ ಬೇರೆ ಕಂಪನಿಯಾಯಿತು. ಅವರದ್ದೊಂದು ಕಾರ್ಖಾನೆ ಈಗ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲೇ ಇದೆ. ನ್ಯೂಜೆರ್ಸಿಗೆ ಹೋದ ಎಣ್ಣೆ ಸುತ್ತಿಕೊಂಡು ಮನೆಗೆ ಬಂತು.

ಇಲ್ಲಿಯವರೆಗೆ ಕೇಳಿದರೆ ಇದು ಒಳ್ಳೆಯ ಸುದ್ದಿ. ಸ್ಟಾರ್ಟಪ್ ಸಭೆಗಳಲ್ಲಿ ಹೇಳುವಂಥ ಕಥೆ. ನಾನೂ ಮೊದಲು ಇಷ್ಟರಲ್ಲೇ ಸಂಚಿಕೆ ಮುಗಿಸುವ ಅಂತಿದ್ದೆ. ಆದರೆ ಎಣ್ಣೆಯಲ್ಲಿ ಅರ್ಧ ತೊಟ್ಟಿಗೆ ಬಂತು ಅಂದೆನಲ್ಲ, ಇನ್ನರ್ಧ ಎಲ್ಲಿ ಹೋಯಿತು?

ಸಿಪ್ಪೆಯಲ್ಲೇ ಉಳಿಯಿತು. ಆ ಸಿಪ್ಪೆ ಒಡೆಯಲಿಕ್ಕೆ ಹೆಂಗಸರ ಕೈಗೆ ಹೋಯಿತು.

ಬೀಜ ನೇರ ಇಲ್ಲ, ಮೂತ್ರಪಿಂಡದ ಆಕಾರ. ಒಂದೊಂದು ಒಂದೊಂದು ಗಾತ್ರ. ಒಳಗಿನ ತಿರುಳು ಒಡೆಯದ ಹಾಗೆ ಹೊರಗಿನ ಸಿಪ್ಪೆ ಒಡೆಯುವ ಯಂತ್ರ ಮಾಡುವುದು ಬಹಳ ಕಾಲ ಯಾರಿಗೂ ಆಗಲಿಲ್ಲ. ಹಾಗಾಗಿ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಬೀಜ ನಿಲ್ಲಿಸಿ, ಬಲಗೈಯ ಮರದ ಕೊಡತಿಯಲ್ಲಿ ಎರಡು ಪೆಟ್ಟು. ಮುಂದೆ ಕಾಲಿನಿಂದ ಒತ್ತುವ ಬ್ಲೇಡಿನ ಕಟ್ಟಿಂಗ್ ಮೆಷಿನ್ ಬಂತು, ಆದರೂ ಬೀಜ ಇಡುವುದು ಬೆರಳೇ. ಎಣ್ಣೆ ತಾಗದಿರಲಿ ಅಂತ ಕೈಗೆ ಬೂದಿ ಹಚ್ಚುವುದು, ಹರಳೆಣ್ಣೆ ಹಚ್ಚುವುದು. ಗ್ಲೌಸ್ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ದೊಡ್ಡಮ್ಮನ ಹತ್ತಿರ ಕೇಳಿದೆ.

"ನಿಂಗೆ ಎಂತ ಗೊತ್ತುಂಟು ಮಗಾ. ಗ್ಲೌಸ್ ಹಾಕಿದ್ರೆ ಬೀಜದ ಹಿಡಿತ ಸಿಕ್ಕುದಿಲ್ಲ. ಹಿಡಿತ ಸಿಕ್ಕದಿದ್ರೆ ತುಂಡು ಬರ್ತದೆ. ತುಂಡು ಬಂದ್ರೆ ಹಣ ಇಲ್ಲ."

ಈ ಮೂರು ವಾಕ್ಯ ಅರ್ಥವಾಗಬೇಕಾದರೆ ಮತ್ತೆ ಲೆಕ್ಕಕ್ಕೆ ಹೋಗಬೇಕು. ಗೋಡಂಬಿಯಲ್ಲಿ ಇಡೀ ತಿರುಳಿಗೆ ಒಂದು ಬೆಲೆ, ತುಂಡಿಗೆ ಇನ್ನೊಂದು. ಡಬ್ಲ್ಯು 180, 210, 240, 320 ಅಂತ ಗ್ರೇಡುಗಳಿವೆ. ಆ ಸಂಖ್ಯೆ ಒಂದು ಪೌಂಡಿಗೆ ಎಷ್ಟು ತಿರುಳು ಎನ್ನುವುದು. ಸಂಖ್ಯೆ ಸಣ್ಣದಾದಷ್ಟು ಗೋಡಂಬಿ ದೊಡ್ಡದು. ಇಬ್ಭಾಗವಾದರೆ ಸ್ಪ್ಲಿಟ್, ತುದಿ ಮುರಿದರೆ ಬಟ್, ಆಮೇಲೆ ದೊಡ್ಡ ತುಂಡು, ಸಣ್ಣ ತುಂಡು, ಬೇಬಿ ಬಿಟ್. ಮದುವೆಮನೆ ಪಾಯಸಕ್ಕೆ ನಾವು ತರುವುದು ಈ ಕೆಳಗಿನ ಸಾಲಿನದ್ದು. ಮೇಲಿನಿಂದ ಕೆಳಗೆ ಬರುವಾಗ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಂದರೆ ಫ್ಯಾಕ್ಟರಿಗೆ ನಿಜವಾದ ನಷ್ಟ ಸಿಪ್ಪೆಯಲ್ಲಲ್ಲ, ತುಂಡಿನಲ್ಲಿ. ತುಂಡು ಕಡಿಮೆ ಮಾಡಿಸುವುದು ಹೇಗೆ? ಕೂಲಿಯಲ್ಲಿ. ದೊಡ್ಡಮ್ಮನ ಫ್ಯಾಕ್ಟರಿಯಲ್ಲಿ ದಿನಗೂಲಿ ಇರಲಿಲ್ಲ, ಸುಲಿದ ಇಡೀ ತಿರುಳಿನ ತೂಕಕ್ಕೆ ಕೂಲಿ. ತುಂಡು ಜಾಸ್ತಿಯಾದರೆ ಕಡಿತ. ಅಬ್ನಾರ್ಮಲ್ ಲಾಸ್ ಅಂತ ನಾನು ಪರೀಕ್ಷೆಯಲ್ಲಿ ಎಂಟು ಅಂಕಕ್ಕೆ ಬರೆದ ವಿಷಯ ಇದೆಯಲ್ಲ, ಅದು ಇಲ್ಲಿ ಒಬ್ಬ ಹೆಂಗಸಿನ ಶನಿವಾರದ ಬಟವಾಡೆಯಲ್ಲಿ ಕಳೆಯುವ ಮೊತ್ತ.

ಹಾಗಾಗಿ ಬರಿಗೈ. ವ್ಯರ್ಥ ಕಡಿಮೆಯಾದದ್ದು ನಿಜ, ಕಡಿಮೆ ಮಾಡಿದ್ದು ಆ ಬೆರಳುಗಳು.

ಕೊಲ್ಲಂ ಕಡೆಯ ಇತಿಹಾಸ ಇನ್ನೂ ವಿವರವಾಗಿ ದಾಖಲಾಗಿದೆ. ಆನಾ ಲಿಂಡ್‌ಬರ್ಗ್ ಎಂಬ ಸ್ವೀಡನ್ನಿನ ಇತಿಹಾಸಕಾರ್ತಿ 1930ರಿಂದ 2000ದವರೆಗಿನ ಕೇರಳದ ಗೇರುಬೀಜ ಕಾರ್ಮಿಕರ ಬಗ್ಗೆ ದೊಡ್ಡ ಅಧ್ಯಯನ ಮಾಡಿದ್ದಾರೆ. ಅಲ್ಲಿ ಹುರಿಯುವುದು ಗಂಡಸರು. ಸಿಪ್ಪೆ ಒಡೆಯುವುದು, ಅಂದರೆ ಎಣ್ಣೆ ತಾಗುವ ಕೆಲಸ, ಹೆಚ್ಚಾಗಿ ದಲಿತ ಹೆಂಗಸರು. ಪೊರೆ ತೆಗೆಯುವುದು, ಗ್ರೇಡಿಂಗ್ ಮಾಡುವುದು, ಅಂದರೆ ಕೈ ಬಿಳಿಯಾಗಿಯೇ ಉಳಿಯುವ ಕೆಲಸ, ಬೇರೆ ಜಾತಿಯ ಹೆಂಗಸರು. ಒಂದೇ ಛಾವಣಿಯ ಕೆಳಗೆ ಜಾತಿ ಕೂಡ ಗ್ರೇಡಾಗಿತ್ತು. ನಮ್ಮ ಕಡೆ ಹೇಗಿತ್ತು ಅಂತ ದೊಡ್ಡಮ್ಮನಿಗೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್ಟಿಂಗಿನವರು ಬೇರೆ ಕೂತು ಊಟ ಮಾಡ್ತಿದ್ವಿ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ, "ಕೈ ವಾಸನೆ ಅಲ್ವಾ" ಅಂದರು. ನಾನು ಮುಂದೆ ಕೇಳಲಿಲ್ಲ.

ಮುಂದಿನ ಬದಲಾವಣೆಗಳನ್ನು ಬೇಗ ಬೇಗ ಹೇಳಿಬಿಡ್ತೇನೆ. ಹೊಗೆಯ ಬಗ್ಗೆ ಊರಿನವರ ತಕರಾರು, ಮಾಲಿನ್ಯ ನಿಯಮಗಳು, ಇವುಗಳ ಒತ್ತಡದಲ್ಲಿ ಡ್ರಮ್ಮೂ ಎಣ್ಣೆತೊಟ್ಟಿಯೂ ಹಿಂದೆ ಸರಿದು ಹಬೆಯಲ್ಲಿ ಬೇಯಿಸುವ ಪದ್ಧತಿ ಬಂತು. ಇಡ್ಲಿ ಬೇಯಿಸಿದ ಹಾಗೆ. ಎಣ್ಣೆ ಸಿಪ್ಪೆಯಲ್ಲೇ ಇರುತ್ತದೆ. ಆಮೇಲೆ ಸಿಪ್ಪೆಯನ್ನು ಎಕ್ಸ್‌ಪೆಲ್ಲರಿನಲ್ಲಿ ಹಿಂಡಿದರೆ ಅದರ ತೂಕದ ಐದನೇ ಒಂದು ಭಾಗದಷ್ಟು ಎಣ್ಣೆ. ಹಿಂಡಿ ಉಳಿದ ಹಿಂಡಿಯನ್ನು ಬಾಯ್ಲರುಗಳಿಗೆ ಸೌದೆಯ ಬದಲು ಹಾಕ್ತಾರೆ. ತಿರುಳನ್ನು 'ಬೋರ್ಮಾ' ಎಂಬ ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ ಉಜ್ಜಿ ತೆಗೆಯುವ ಕೆಂಪು ಪೊರೆಯಲ್ಲಿ ಟ್ಯಾನಿನ್ ಇರುವುದರಿಂದ ಅದು ಚರ್ಮ ಹದ ಮಾಡಲಿಕ್ಕೆ ಉಪಯೋಗಕ್ಕೆ ಬರುತ್ತದೆ. ಒಂದು ಮೂಟೆಯಿಂದ ಹೊರಗೆ ಎಸೆಯುವುದು ಏನೂ ಇಲ್ಲ ಅನ್ನುವ ಸ್ಥಿತಿಗೆ ಹತ್ತಿರ ಬಂದಿದ್ದೇವೆ. ಕತ್ತರಿಸುವ ಯಂತ್ರಗಳೂ ಸುಧಾರಿಸಿದವು. ವಿಯೆಟ್ನಾಂ ಇದರಲ್ಲಿ ಮುಂದೆ ಹೋಗಿ 2006ರಲ್ಲಿ ಗೋಡಂಬಿ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ನಮ್ಮ ಫ್ಯಾಕ್ಟರಿಗಳಿಗೆ ಊರ ಬೀಜ ಸಾಲದೆ ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಕಡೆಯಿಂದ ಹಡಗಿನಲ್ಲಿ ಕಚ್ಚಾ ಬೀಜ ಬರುತ್ತದೆ. ದಾರಿಯಲ್ಲಿ ಬೆವರಿ ಬೂಸ್ಟು ಹಿಡಿಯುವ ಮೂಟೆಗಳದ್ದೇ ಒಂದು ಪ್ರತ್ಯೇಕ ಕಥೆ, ಇನ್ನೊಂದು ದಿನಕ್ಕಿರಲಿ.

ಈಗ ಹಣ್ಣಿಗೆ ಬರ್ತೇನೆ. ಹಣ್ಣಿನ ತೂಕ ಬೀಜದ ಆರರಿಂದ ಎಂಟು ಪಟ್ಟು. ಅಂದರೆ ನಮ್ಮ 80 ಕಿಲೋ ಮೂಟೆಯ ಹಿಂದೆ ತೋಟದಲ್ಲಿ ಐನೂರು ಕಿಲೋ ಆಸುಪಾಸಿನ ಹಣ್ಣು ಬಿದ್ದಿರುತ್ತದೆ. ಸಿಪ್ಪೆಯ 50-55 ಕಿಲೋಗೆ ನೂರು ವರ್ಷ ತಲೆ ಕೆಡಿಸಿಕೊಂಡ ಧಂದೆ ಈ ಅರ್ಧ ಟನ್ನನ್ನು ನೋಡಲೇ ಇಲ್ಲ. ಕಾರಣ ಕಷ್ಟದ್ದೇನಲ್ಲ. ಬೀಜ ವರ್ಷಗಟ್ಟಲೆ ಇಡಬಹುದು, ಹಣ್ಣು ಬಿದ್ದ ಮಾರನೇ ದಿನ ಹುಳಿ ಬರುತ್ತದೆ. ತಿಂದರೆ ಗಂಟಲು ಒಗರು. ಮುಟ್ಟಿದರೆ ಜಜ್ಜಿಹೋಗುವ ಸಿಪ್ಪೆ. ನಮ್ಮಲ್ಲಿ ಬೀಜ ತಿರುಚಿ ಬುಟ್ಟಿಗೆ, ಹಣ್ಣು ಅಲ್ಲೇ ಮರದ ಬುಡಕ್ಕೆ, ಇಲ್ಲವೇ ದನಕ್ಕೆ. ಏಪ್ರಿಲಿನಲ್ಲಿ ಗೇರುಗುಡ್ಡೆ ಹತ್ತಿರ ಹೋದರೆ ಆ ಹುಳಿ ವಾಸನೆ ನಿಮಗೆ ಗೊತ್ತಿರ್ತದೆ.

ಆದರೆ ಕಾರವಾರ ದಾಟಿ ಗೋವಾಕ್ಕೆ ಹೋದರೆ ಅದೇ ಹಣ್ಣು ರಾಜ. ಹಣ್ಣು ತುಳಿದು ರಸ ತೆಗೆದು, ಹುಳಿ ಬರಿಸಿ, ಮೊದಲ ಬಟ್ಟಿಗೆ ಉರ್ರಾಕ್, ಮುಂದಿನ ಬಟ್ಟಿಗೆ ಫೆನ್ನಿ. 2009ರಲ್ಲಿ ಫೆನ್ನಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ನಮ್ಮ ಗಡಿಯೊಳಗೆ ಮನೆಯಲ್ಲಿ ಬಟ್ಟಿ ಇಳಿಸಿದರೆ ಅಬಕಾರಿಯವರು ಬರ್ತಾರೆ. ಮಣ್ಣು ಒಂದೇ, ಮಳೆ ಒಂದೇ, ಮರ ಒಂದೇ. ಗಡಿಯ ಆಚೆ ಜಾಯಿಂಟ್ ಪ್ರಾಡಕ್ಟ್, ಈಚೆ ನಾರ್ಮಲ್ ಲಾಸ್. ಹೆಂಡದಂಗಡಿ ತೆರೆಯಿರಿ ಅಂತ ನಾನು ಹೇಳ್ತಾ ಇಲ್ಲ, ಕಾಮೆಂಟಿನಲ್ಲಿ ಬಯ್ಯಬೇಡಿ. ಬ್ರೆಜಿಲ್‌ನ ಪಿಯಾಯಿ ರಾಜ್ಯದಲ್ಲಿ ಇದೇ ಹಣ್ಣಿನ ಒಗರು ತೆಗೆದು, ಸೋಸಿ, ಬಾಟಲಿಯಲ್ಲೇ ಕಾಯಿಸಿ ಕಜುಯಿನಾ ಅಂತ ಪಾನಕ ಮಾಡ್ತಾರೆ, ಮದ್ಯ ಇಲ್ಲ. ನಮ್ಮ ಪುತ್ತೂರಿನಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಶುರುವಾಯಿತು, ಅಲ್ಲೂ ಹಣ್ಣಿನ ರಸದ ಬಗ್ಗೆ ಕೆಲಸ ಆಗಿದೆ. ಒಗರು ತೆಗೆಯುವ ವಿಧಾನ ಗೊತ್ತಿಲ್ಲದೆ ಅಲ್ಲ. ಬೆಳಿಗ್ಗೆ ಬಿದ್ದ ಹಣ್ಣು ಸಂಜೆಯೊಳಗೆ ಒಂದು ಯಂತ್ರದ ಹತ್ತಿರ ತಲುಪಬೇಕು, ಆ ಯಂತ್ರಕ್ಕೆ ವರ್ಷದಲ್ಲಿ ಎರಡೂವರೆ ತಿಂಗಳು ಮಾತ್ರ ಕೆಲಸ. ಬ್ಯಾಂಕಿನಲ್ಲಿ ಈ ಯೋಜನಾ ವರದಿ ಕೊಟ್ಟು ನೋಡಿ, ಮ್ಯಾನೇಜರ್ ಮುಖ ಹೇಗಾಗ್ತದೆ ಅಂತ. ನನಗನಿಸುವುದು, ಹಣ್ಣಿನದ್ದು ವಿಜ್ಞಾನದ ಸಮಸ್ಯೆಯಾಗಿ ಉಳಿದಿಲ್ಲ, ರಸ್ತೆ ಮತ್ತು ಗಂಟೆಯ ಸಮಸ್ಯೆ. ಹತ್ತು ಹಳ್ಳಿಗೊಂದು ಹಾಲಿನ ಡೇರಿ ಮಾಡಿದವರು ನಾವು, ಬೆಳಿಗ್ಗೆ ಕರೆದ ಹಾಲನ್ನು ಕೆಡದ ಹಾಗೆ ಸಾಗಿಸಲಿಕ್ಕೆ ನಮಗೆ ಬರ್ತದೆ.

ಬ್ರೇಕಿನ ವಿಷಯ ದೊಡ್ಡಮ್ಮನಿಗೆ ಹೇಳಿದೆ. ನೀವು ಒಡೆದ ಸಿಪ್ಪೆಯ ಎಣ್ಣೆ ಬಸ್ಸಿನ ಬ್ರೇಕಿಗೆ ಹೋಗ್ತದಂತೆ ದೊಡ್ಡಮ್ಮ, ಅಂತ. ಅವರು ನಂಬಲಿಲ್ಲ. ಮೊಬೈಲಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಹಾಗಾದ್ರೆ ಕಂಡಕ್ಟರ್ ನನ್ನತ್ರ ಟಿಕೆಟ್ ಹಣ ಕೇಳುದು ಯಾಕೆ?" ಅಂದರು. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ.

ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ಆ ಎಣ್ಣೆಗೆ ಡ್ರಮ್ಮಿಗೆ ಎಷ್ಟು ಬರ್ತಿತ್ತು ಅಂತ. ನಾನು ಹುಡುಕಿ ಹೇಳ್ತೇನೆ ಅಂದೆ. ಇಪ್ಪತ್ತೆರಡು ವರ್ಷ ಅದೇ ಗೋದಾಮಿನ ಎದುರು ಬುತ್ತಿ ತಿಂದವರಿಗೆ ಆ ಡ್ರಮ್ಮಿನ ಬೆಲೆ ಯಾರೂ ಹೇಳಿರಲಿಲ್ಲ.

ಈಗ ಪ್ರತಿ ತಿಂಗಳು ರೇಷನ್‌ಗೆ ನನ್ನ ನಂಬರಿಗೆ ಒಟಿಪಿ ಬರ್ತದೆ. ಹತ್ತನೇ ತಾರೀಕಿನ ಆಸುಪಾಸು, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ನಾನು ರೆಕಾರ್ಡಿಂಗ್ ಇಟ್ಟುಕೊಳ್ಳುವುದಿಲ್ಲ, ಫೋನ್ ಆನ್ ಇರಬೇಕಲ್ಲ.

ನಿಮ್ಮ ಮನೆಯಲ್ಲೂ ಬೀಜದ ಫ್ಯಾಕ್ಟರಿಗೆ ಹೋದವರಿದ್ದರೆ, ಅವರ ಕೂಲಿ ಚೀಟಿ, ತೂಕದ ಚೀಟಿ ಏನಾದರೂ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ, ಒಂದು ಫೋಟೋ ತೆಗೆದು ಕಳಿಸಿ. ಹೆಸರು ಮುಚ್ಚಿ ಕಳಿಸಿದರೂ ಆದೀತು. ಮುಂದಿನ ಸಂಚಿಕೆ ಹಂಚಿನ ಕಾರ್ಖಾನೆಗಳ ಬಗ್ಗೆ.